ಕದ್ರಿ ಗೋಪಾಲನಾಥರು ಜಾಝ್‌ನವರಾ ಅಲ್ವಾ? ನಮ್ಮನೆ ಜಗಳಕ್ಕೆ ಒಂದು ಉತ್ತರ ಬೇಕು

ಬಂಡಿಹಬ್ಬ_ಅಂಕೋಲಾ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಓದಿ ಮಾರಾಯ್ರೆ. ನಮ್ದು ದೇವಸ್ಥಾನದ ಪಂಚವಾದ್ಯದ ಮನೆ. ಅಪ್ಪ ಮೌರಿ, ಅಂದ್ರೆ ನಮ್ಮ ಕಡೆಯ ಓಲಗದ ವಾದ್ಯ, ಊದ್ತಿದ್ರು, ಈಗ 74 ವರ್ಷ, ಮುಂದಿನ ಹಲ್ಲು ಹೋದ ಮೇಲೆ ತುಟಿ ನಿಲ್ಲೂದಿಲ್ಲ ಅಂತ ಬಿಟ್ರು. ನಾನು ಕಲೀಲೇ ಇಲ್ಲ, ನೌಕರಿ ಸಿಕ್ತು, ಕಾರವಾರ ಸೇರ್ದೆ. ಆ ಬೇಜಾರು ಅಪ್ಪನಿಗೆ ಇನ್ನೂ ಇದೆ, ನನಗೂ ಇದೆ.

ಈಗ ನನ್ನ ಮಗಳು, ಒಂಬತ್ತನೇ ಕ್ಲಾಸು, ಎರಡು ವರ್ಷದಿಂದ ಸ್ಯಾಕ್ಸೋಫೋನ್ ಕಲೀತಾ ಇದ್ದಾಳೆ. ಮದುವೆಗೆ ಊದೂಕೆ ಹೋಗುವ ಒಬ್ರು ಹೇಳಿಕೊಡ್ತಾರೆ. ಅಪ್ಪನಿಗೆ ಖುಷಿಯೋ ಖುಷಿ, "ಮನೇಲಿ ಮತ್ತೆ ಊದುವ ಸದ್ದು ಬಂತು" ಅಂತ. ಮೊನ್ನೆ ಅವಳು ಜಾಝ್ ಕಲೀಬೇಕು ಅಂದ್ಲು. ಅಪ್ಪ, "ಕಲಿ, ಗೋಪಾಲನಾಥರ ಹಂಗೆ ಊದು, ಅವ್ರು ಜಾಝ್ ಹಬ್ಬದಲ್ಲೆಲ್ಲ ಊದಿ ಬಂದವ್ರು" ಅಂದ್ರು. ಇವಳು, "ಅಜ್ಜ, ಅವ್ರದ್ದು ಜಾಝೇ ಅಲ್ಲ, ಕರ್ನಾಟಕ ಸಂಗೀತ" ಅಂದ್ಲು. ಅಷ್ಟೇ, ರಾತ್ರಿ ಊಟಕ್ಕೆ ಇಬ್ರೂ ಮಾತಿಲ್ಲ.

ನನಗೆ ಗೊತ್ತಾಗ್ಬೇಕಾದ್ದು ಇಷ್ಟು. ಅವ್ರನ್ನ ಜಾಝ್ ಕಲಾವಿದರು ಅನ್ಬಹುದಾ? ಓಲಗದ ಮನೆಯಿಂದ ಬಂದವ್ರು ಅಲ್ಲೀವರೆಗೆ ಹೋದದ್ದು ಹೇಗೆ? ಇವಳು ರಾಗ ಬಿಟ್ಟು ಜಾಝಿಗೆ ಹೋಗ್ಬೇಕಾ, ರಾಗ ಹಿಡ್ಕೊಂಡೇ ಹೋಗ್ಬಹುದಾ?

ಕಾಳಿ_ಸಂಗಮ:
ಮಗಳು ಹೇಳಿದ್ದೇ ಸರಿ. ಜಾಝ್ ಅಲ್ಲ.

ಶರಾವತಿ_ದಡ:
ಒಂದು ಸಾಲಲ್ಲಿ ಮುಗ್ಸಿಬಿಟ್ರಾ? ಯಾಕೆ ಅಲ್ಲ ಅಂತ ಹೇಳಿ. ನಮ್ಮ ಹೊನ್ನಾವರದಲ್ಲಿ ಬೆಳಿಗ್ಗೆ ದೇವಸ್ಥಾನದ ಮೈಕಲ್ಲಿ ಅವ್ರ ಕ್ಯಾಸೆಟ್ ಹಾಕಿದ್ರೆ ಇಡೀ ಪೇಟೆಗೆ ಕೇಳ್ತಿತ್ತು. ನಾನು ಶಾಲೆಗೆ ಹೋಗುವಾಗ ಅದು ಓಲಗ ಅಂತಲೇ ತಿಳ್ಕೊಂಡಿದ್ದೆ. ಹಿತ್ತಾಳೆ ವಾದ್ಯದಲ್ಲಿ ಅಷ್ಟು ಮೆತ್ತಗೆ ಬರ್ತದೆ ಅಂತ ಗೊತ್ತೇ ಇರ್ಲಿಲ್ಲ. ಕದ್ರೀಲಿ ಹುಟ್ಟಿದವ್ರು, ದೇವಸ್ಥಾನದ ವಾದ್ಯ ಕೇಳ್ತಾ ಬೆಳೆದವ್ರು, ಅದೇ ಬಂದಿದೆ ವಾದ್ಯದಲ್ಲಿ.

ನೇತ್ರಾವತಿ_ಕಡೆಯವ:
ಒಂದು ತಿದ್ದುಪಡಿ. ಹುಟ್ಟಿದ್ದು ಕದ್ರಿಯಲ್ಲಲ್ಲ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ, 1949ರ ಡಿಸೆಂಬರ್ 6ಕ್ಕೆ. ಕದ್ರಿ ಆಮೇಲೆ ಹೆಸರಿಗೆ ಅಂಟಿಕೊಂಡದ್ದು. ತಂದೆ ತನಿಯಪ್ಪ, ನಾಗಸ್ವರದವರು. ಮೊದಲ ಪಾಠ ಅವರ ಹತ್ರ, ನಾಗಸ್ವರದಲ್ಲೇ.

ಸ್ಯಾಕ್ಸೋಫೋನ್ ಕಣ್ಣಿಗೆ ಬಿದ್ದದ್ದು ಮೈಸೂರಲ್ಲಿ, ಅರಮನೆ ಬ್ಯಾಂಡಿನವರ ಕೈಲಿ. ಆ ಸದ್ದು ಕೇಳಿ ಇದನ್ನೇ ಕಲೀಬೇಕು ಅಂತ ಹಿಡಿದದ್ದು. ಮಂಗಳೂರಲ್ಲಿ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಹತ್ರ ಪಾಠ, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಹತ್ರ. ವಾದ್ಯ ಪೂರ್ತಿ ಕೈಗೆ ಬರ್ಲಿಕ್ಕೆ ಹತ್ತಿರ ಹತ್ತಿರ 20 ವರ್ಷ ಹಿಡೀತು ಅಂತಾರೆ. ಮಗಳಿಗೆ ಇದನ್ನ ಹೇಳಿ ಅಣ್ಣ, ಎರಡು ವರ್ಷಕ್ಕೆ ಜಾಝೋ ರಾಗವೋ ಅಂತ ತೀರ್ಮಾನ ಮಾಡುವ ಅರ್ಜೆಂಟ್ ಇಲ್ಲ.

ಶರಾವತಿ_ದಡ:
ಸಜಿಪಮೂಡ ಗೊತ್ತಿರ್ಲಿಲ್ಲ, ಥ್ಯಾಂಕ್ಸ್.

ರಿಪೇರಿ_ಕುಮಟಾ:
ನನ್ನದೂ ಒಂದು ತಿದ್ದುಪಡಿ, ಸ್ಯಾಕ್ಸೋಫೋನ್ ಹಿತ್ತಾಳೆದೇ ಆದ್ರೂ ಬ್ರಾಸ್ ವಾದ್ಯಗಳ ಜಾತಿ ಅಲ್ಲ. ಸದ್ದು ಹುಟ್ಟೂದು ಬೆತ್ತದಂಥ ರೀಡಿನಿಂದ, ಹಾಗಾಗಿ ಕ್ಲಾರಿನೆಟ್ ಗುಂಪಿಗೆ ಸೇರ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಮಾಡಿದ್ದು, 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್. ಮೌರಿ, ನಾಗಸ್ವರಕ್ಕೆ ಎರಡು ಎಸಳಿನ ಪೀಪಿ, ಇದಕ್ಕೆ ಒಂದೇ ಎಸಳು, ವ್ಯತ್ಯಾಸ ಅಲ್ಲಿಂದಲೇ ಶುರು.

ಕಾಳಿ_ಸಂಗಮ:
ಯಾಕೆ ಅಲ್ಲ ಅಂತ ಕೇಳಿದ್ರಲ್ಲ, ಹೇಳ್ತೇನೆ. ನಾನು ಕಾರವಾರದವ್ನು, ಹದಿನೈದು ವರ್ಷದಿಂದ ಜಾಝ್ ಕೇಳ್ತಾ ಇದ್ದೇನೆ. ಜಾಝ್ ಅಂದ್ರೆ ಅಮೆರಿಕದ ಕಪ್ಪು ಜನರ ಸಂಗೀತ, ಬ್ಲೂಸ್ ಅನ್ನುವ ಅವ್ರ ಹಾಡಿನಿಂದ ಬಂದದ್ದು. ಅದಕ್ಕೆ ಸ್ವಿಂಗ್ ಅಂತ ಒಂದು ನಡಿಗೆ ಇದೆ, ಕೆಳಗೆ ಕಾರ್ಡುಗಳು, ಅಂದ್ರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬದಲಾಗ್ತಾ ಹೋಗ್ತವೆ, ಊದುವವ ಆ ಬದಲಾವಣೆ ಹಿಡಿದು ಅಲ್ಲೇ ಹೊಸ ಟ್ಯೂನ್ ಕಟ್ಟಬೇಕು. ಗೋಪಾಲನಾಥರು ಶ್ರುತಿ ಒಂದೇ ಇಟ್ಕೊಂಡು ಆಲಾಪನೆ, ಕೃತಿ, ಕಲ್ಪನಾಸ್ವರ ಮಾಡಿದವ್ರು. ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸ್ಯಾಕ್ಸ್ ಊದಿದ್ರು ಅಂತ ಜಾಝ್ ಅಂದ್ರೆ ಪಿಟೀಲು ಬಾರಿಸಿದವ್ರೆಲ್ಲ ಯುರೋಪಿನ ಸಂಗೀತಗಾರರು ಅಂದ ಹಾಗಾಯ್ತು. ಮತ್ತೆ ಆ ಹೆಸರು ಬಹಳ ಕಷ್ಟ ಉಂಡ ಜನರದ್ದು, ಸಿಕ್ಕಲ್ಲೆಲ್ಲ ಅಂಟಿಸೂದು ನನಗೆ ಸರಿ ಕಾಣೂದಿಲ್ಲ.

ಶಿರಸಿ_ಅರ್ಥಧಾರಿ:
ಕಾಳಿ_ಸಂಗಮ ಅವ್ರೆ, ಕಡೆಯ ಮಾತು ಒಪ್ಪಿದೆ. ಆದ್ರೆ ಉಳಿದದ್ದು ಪೂರ್ತಿ ಒಪ್ಪೋಕಾಗಲ್ಲ, ಯಾಕೆ ಅಂದ್ರೆ ನೀವು ಸಾಮಗ್ರಿ ಬೇರೆ ಅಂತ ಹೇಳಿದ್ರಿ, ಕೆಲಸ ಒಂದೇ ಅನ್ನೂದನ್ನ ಬಿಟ್ರಿ.

ನಾನು ಸಂಗೀತದವ ಅಲ್ಲ, ತಾಳಮದ್ದಲೆ ಹುಚ್ಚಿನವ. ನನಗೆ ಜಾಝ್ ಅರ್ಥ ಆದದ್ದೇ ತಾಳಮದ್ದಲೆಯಿಂದ. ನೋಡಿ, ಪದ್ಯ ಮೊದಲೇ ಬರೆದಿಟ್ಟದ್ದು, ಭಾಗವತರು ಹೇಳ್ತಾರೆ, ಎಲ್ರಿಗೂ ಗೊತ್ತಿದ್ದ ಪದ್ಯವೇ. ಆದ್ರೆ ಪದ್ಯ ಮುಗಿದ ಕೂಡ್ಲೆ ಅರ್ಥಧಾರಿ ಎಂತ ಮಾತಾಡ್ತಾನೆ ಅಂತ ಅವನಿಗೂ ಗೊತ್ತಿರಲ್ಲ. ಎದುರಿನ ಕೃಷ್ಣ ಒಂದು ಹೊಸ ಪ್ರಶ್ನೆ ಎತ್ತಿದ್ರೆ ಕೌರವ ಅದಕ್ಕೆ ಅಲ್ಲೇ, ಆ ಕ್ಷಣಕ್ಕೆ ಉತ್ತರ ಕೊಡಬೇಕು, ಕತೆ ದಾಟಬಾರದು, ಪಾತ್ರದ ಮರ್ಯಾದೆ ಬಿಡಬಾರದು, ಮುಂದಿನ ಪದ್ಯಕ್ಕೆ ತಂದು ನಿಲ್ಲಿಸ್ಬೇಕು. ನೆನ್ನೆ ಆಡಿದ ಮಾತನ್ನೇ ಇವತ್ತೂ ಆಡಿದ್ರೆ ಕೂತವ್ರು ಎದ್ದು ಚಾ ಕುಡಿಯೋಕೆ ಹೋಗ್ತಾರೆ. ಜಾಝ್ ಮಂದಿ ಗೊತ್ತಿದ್ದ ಒಂದು ಟ್ಯೂನ್ ಇಟ್ಕೊಂಡು ಮಾಡೂದು ಇದನ್ನೇ. ಮನೋಧರ್ಮ ಅಂತ ಗೋಪಾಲನಾಥರು ಕಲಿತದ್ದೂ ಇದನ್ನೇ.

ಅದಕ್ಕೇ ಜಾಝಿನವ್ರಿಗೆ ಅವ್ರ ಜೊತೆ ಕೂತು ಮಾತಾಡೋಕೆ ಸಾಧ್ಯ ಆಯ್ತು. ಭಾಷೆ ಬೇರೆ, ಆದ್ರೆ ಎದುರಿನವ ಹೇಳಿದ್ದಕ್ಕೆ ತಕ್ಷಣ ತಿರುಗಿ ಹೇಳುವ ಅಭ್ಯಾಸ ಇಬ್ರಿಗೂ ಇತ್ತು.

ಯಲ್ಲಾಪುರ_ಘಟ್ಟ:
ಅಡ್ಡಿಲ್ಲೆ ಅರ್ಥಧಾರಿಗಳೇ, ಇದನ್ನ ನಮ್ಮನೆ ಹುಡುಗ್ರಿಗೆ ಓದಿ ಹೇಳಿದೆ. ಜಾಝ್ ಅಂದ್ರೆ ಹೋಟೆಲ್ ಮ್ಯೂಸಿಕ್ ಅಂದ್ಕೊಂಡಿದ್ರು.

ನೇತ್ರಾವತಿ_ಕಡೆಯವ:
ಅರ್ಥಧಾರಿಯವ್ರ ಮಾತಿಗೆ ಸರಿಯಾದ ಉದಾಹರಣೆ 1980ರ ಮುಂಬೈ ಜಾಝ್ ಉತ್ಸವ. ಗೋಪಾಲನಾಥರಿಗೆ ಆಗ 30 ವರ್ಷ. ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಅಲ್ಲಿದ್ರು, ಅವರದ್ದೂ ಆಲ್ಟೊ ಅನ್ನುವ ಬಗೆಯ ಸ್ಯಾಕ್ಸ್, ಜಾಝಿನ ದೊಡ್ಡ ಹೆಸರು ಚಾರ್ಲ್ಸ್ ಮಿಂಗಸ್ ಜೊತೆ ಬಾರಿಸಿದವರು. ಇವರದ್ದು ಕೇಳಿ, ನಾನೂ ನಿಮ್ಮ ಜೊತೆ ಊದಬಹುದಾ ಅಂತ ಅವರೇ ಕೇಳಿದ್ರು. ಇಬ್ರೂ ಒಟ್ಟಿಗೆ ವೇದಿಕೆ ಮೇಲೆ ಊದಿದ್ರು, ಜನ ಮೆಚ್ಚಿದ್ರು. ಆಮೇಲೆ ಬರ್ಲಿನ್, ಪ್ರಾಗ್ ಜಾಝ್ ಉತ್ಸವ, ಮೆಕ್ಸಿಕೊ ಅಂತ ದಾರಿ ತೆರೀತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ, ಅಲ್ಲಿಗೆ ಕರೆ ಬಂದ ಮೊದಲ ಕರ್ನಾಟಕ ಸಂಗೀತಗಾರ ಇವರೇ. 2004ರಲ್ಲಿ ಪದ್ಮಶ್ರೀ.

ಜಾನ್ ಹ್ಯಾಂಡಿಗೂ ನಮ್ಮ ಸಂಗೀತ ಹೊಸದಲ್ಲ, ಅದಕ್ಕೂ ಮೊದಲೇ ಸರೋದಿನ ಅಲಿ ಅಕ್ಬರ್ ಖಾನ್ ಜೊತೆ ರೆಕಾರ್ಡ್ ಮಾಡಿದ್ರು.

ಕಾಳಿ_ಸಂಗಮ:
ಹ್ಯಾಂಡಿ ಜೊತೆ ಊದಿದ್ದು ನಿಜ, ಒಪ್ತೇನೆ. ಆದ್ರೂ ಅತಿಥಿಯಾಗಿ ಹೋದವ ಮನೆಯವ ಆಗ್ತಾನಾ?

ಶಿರಸಿ_ಅರ್ಥಧಾರಿ:
ಅತಿಥಿ ಮನೆಯವ ಆಗ್ಬೇಕು ಅಂತ ಯಾರೂ ಹೇಳ್ಲಿಲ್ಲ. ಮನೆಯವ್ರು ಅತಿಥಿ ನೋಡಿ ಅಡುಗೆ ಬದಲಾಯಿಸಿದ್ರಲ್ಲ, ಅದನ್ನ ಹೇಳ್ತಾ ಇದ್ದೇನೆ.

ಹಾಲಕ್ಕಿ_ಸುಗ್ಗಿ:
ಇವ್ರಿಬ್ರೂ ನಿಲ್ಲೂದಿಲ್ಲ 😀 ಮುಂದುವರಿಸಿ, ಓದ್ತಾ ಇದ್ದೇನೆ.

ಮಾಜಾಳಿ_ಗಡಿ:
ನಮ್ಮ ಕಡೆಯ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೀತೇನೆ. ಮಾಜಾಳಿ ದಾಟಿದ್ರೆ ಗೋವಾ. ಅಲ್ಲಿ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ನೋಟೇಶನ್ ಓದೂದು, ಪಿಟೀಲು, ತುತ್ತೂರಿ ಎಲ್ಲ ಪೋರ್ಚುಗೀಸರ ಕಾಲದಿಂದ ಕಲಿಸ್ತಿದ್ರು. ಆ ಮಕ್ಕಳೇ ಮುಂಬೈಗೆ ಹೋಗಿ ಹೋಟೆಲಿನ ಜಾಝ್ ಬ್ಯಾಂಡು, ಹಿಂದಿ ಸಿನಿಮಾ ಆರ್ಕೆಸ್ಟ್ರಾ ತುಂಬಿದ್ದು. ಅವ್ರಲ್ಲಿ ಬ್ರಾಸ್ ಗೊನ್ಸಾಲ್ವಿಸ್ ಅಂತ ಸ್ಯಾಕ್ಸೋಫೋನಿನವ್ರು, ಜಾಝ್‌ನಲ್ಲೇ ಪಳಗಿದವ್ರು, ಆಮೇಲೆ ರಾಗಗಳನ್ನ ತಂದು ಜಾಝಿಗೆ ಸೇರಿಸಿದ್ರು, ಲೂಯಿ ಬ್ಯಾಂಕ್ಸ್ ಜೊತೆ ಇಂಡೋ ಜಾಝ್ ಬಾರಿಸಿದ್ರು. ಅಂದ್ರೆ ಗೋಪಾಲನಾಥರು ಓಲಗದಿಂದ ಹೊರಟು ಜಾಝ್ ವೇದಿಕೆಗೆ ಬಂದ್ರು, ಗೊನ್ಸಾಲ್ವಿಸ್ ಜಾಝಿನಿಂದ ಹೊರಟು ರಾಗಕ್ಕೆ ಬಂದ್ರು. ನಮ್ಮ ಅಂಕೋಲೆಯ ಹುಡುಗಿಗೆ ಮಂಗಳೂರು ಎಷ್ಟು ಹತ್ರವೋ ಗೋವಾ ಅದಕ್ಕಿಂತ ಹತ್ರ. ಎರಡೂ ಕಡೆಯಿಂದ ತಗೊಳ್ಲಿ ಅಣ್ಣ.

ನಮ್ಮ ವಾಡೆಯಲ್ಲಿ ಚರ್ಚಿನ ಹಬ್ಬ ಫೆಸ್ತಿಗೆ ಬರುವ ಬ್ಯಾಂಡಿನಲ್ಲಿ ಒಬ್ರು ವಯಸ್ಸಾದವ್ರು ಆಲ್ಟೊ ಊದ್ತಿದ್ರು, ಮೆರವಣಿಗೆ ಮುಗಿದ ಮೇಲೆ ತೆಂಗಿನ ಮರದ ಬುಡದಲ್ಲಿ ಕೂತು ಮಾಂಡೊ ಅನ್ನುವ ಕೊಂಕಣಿ ಹಾಡು ಊದುವಾಗ ನಾವೆಲ್ಲ ಸುತ್ತ ಕೂತಿರ್ತಿದ್ವು. ನನಗೆ ಸ್ಯಾಕ್ಸ್ ಅಂದ್ರೆ ಇವತ್ತಿಗೂ ಅದೇ.

ಮೌರಿ_ಮನೆ:
ಎಲ್ಲ ಚಂದ ಮಾತಾಡ್ತಿದ್ದೀರಿ. ಒಂದು ಬೇಜಾರಿನ ವಿಷಯ ಹೇಳ್ಲಾ? ನಮ್ಮದೂ ವಾದ್ಯದ ಮನೆ, ಕುಮಟಾ ಬದಿ. ಮೊದಲು ತೇರಿಗೆ, ಮದುವೆಗೆ, ಉಪನಯನಕ್ಕೆ ನಮ್ಮನ್ನ ಕರೀತಿದ್ರು. ಈಗ "ಸ್ಯಾಕ್ಸೋಫೋನ್ ಇದ್ಯಾ?" ಅಂತ ಮೊದಲು ಕೇಳ್ತಾರೆ, ಇಲ್ಲ ಅಂದ್ರೆ ದಕ್ಷಿಣದ ಸೆಟ್ ತರಿಸ್ತಾರೆ. ಒಂದು ಮದುವೆಯಲ್ಲಿ ನನ್ನ ದೊಡ್ಡಪ್ಪ ಮೌರಿ ಹಿಡ್ಕೊಂಡು ಹೋದವ್ರನ್ನ, ಸ್ಯಾಕ್ಸ್ ಬಂದಿದೆ, ನೀವು ಬರೀ ಡೋಲಿಗೆ ಕೂತ್ಕೊಳ್ಳಿ ಅಂದ್ರು. ಅವ್ರು ಊಟ ಮಾಡದೆ ವಾಪಸ್ ಬಂದ್ರು. ಗೋಪಾಲನಾಥರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ, ಅವ್ರು ಓಲಗದ ಮನೆಯ ಮಗನೇ. ಆದ್ರೆ ಅವ್ರ ಯಶಸ್ಸು ನೋಡಿ ಎಲ್ರೂ ಆ ವಾದ್ಯಕ್ಕೇ ಹೋದ್ರೆ ಮೌರಿ ಊದುವವ್ರು ಯಾರು?

ಬಂಡಿಹಬ್ಬ_ಅಂಕೋಲಾ:
ಮೌರಿ_ಮನೆ ಅಣ್ಣ, ಓದಿ ಗಂಟಲು ಕಟ್ತು. ಅಪ್ಪನಿಗೆ ಓದಿ ಹೇಳಿದೆ. ಅವ್ರು ಸುಮಾರು ಹೊತ್ತು ಸುಮ್ನೆ ಕೂತಿದ್ರು, ಆಮೇಲೆ "ಅವ್ರ ದೊಡ್ಡಪ್ಪ ಇದ್ದಾರಾ ಕೇಳು" ಅಂದ್ರು.

ಮೌರಿ_ಮನೆ:
ಇಲ್ಲ ಅಣ್ಣ, ತೀರಿಕೊಂಡು ಆರು ವರ್ಷ. ವಾದ್ಯ ಮನೇಲಿದೆ.

ಶರಾವತಿ_ದಡ:
ಮೌರಿ_ಮನೆಯವ್ರ ನೋವು ಅರ್ಥ ಆಗ್ತದೆ. ಆದ್ರೆ ವಾದ್ಯ ಹೊರಗಿಂದ ಬರೂದು ತಪ್ಪಲ್ಲ. ಪಿಟೀಲು ಹೊರಗಿಂದು, ಬಾಲುಸ್ವಾಮಿ ದೀಕ್ಷಿತರು ತಂದ್ರು. ಕ್ಲಾರಿನೆಟ್ಟನ್ನ ಕಚೇರಿಯಲ್ಲಿ ಹೆಸರು ಮಾಡಿಸಿದ್ದು ಎ.ಕೆ.ಸಿ. ನಟರಾಜನ್, ಮ್ಯಾಂಡೊಲಿನ್ನನ್ನ ಶ್ರೀನಿವಾಸ್. ಶಿರಸಿ ಕಡೆ ಹಾರ್ಮೋನಿಯಂ ಇಲ್ಲದೆ ಗಾಯನ ಇದ್ಯಾ ಈಗ?

ಮೌರಿ_ಮನೆ:
ಪಿಟೀಲು ಬಂದದ್ದಕ್ಕೆ ವೀಣೆಯವ್ರ ಊಟ ಹೋಗ್ಲಿಲ್ಲ ಅಕ್ಕ. ನಮ್ಮದು ಹೋಯ್ತು.

ಹಾಲಕ್ಕಿ_ಸುಗ್ಗಿ:
ಇದು ನಿಜ. ಗುಮಟೆ ಬಡಿದು ಹಾಡುವ ನಮ್ಮ ಗುಮಟೆ ಪಾಂಗಿನದ್ದೂ ಇದೇ ಕತೆ, ಡಿಜೆ ಬಂದ ಮೇಲೆ ಸುಗ್ಗಿಗೆ ಮಾತ್ರ ನೆನಪಾಗ್ತದೆ. ಹಾಲಕ್ಕಿ ಹಾಡಿನ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲಿ ನಾಕು ಹುಡುಗಿಯರು ಹಾಡು ಕಲೀಲಿಕ್ಕೆ ಶುರು ಮಾಡಿದ್ರು, ಇಬ್ರು ಇನ್ನೂ ಹಾಡ್ತಾರೆ. ಒಬ್ರು ದೊಡ್ಡವ್ರು ಕಾಣಿಸಿದ್ರೆ ಅಷ್ಟಾದ್ರೂ ಆಗ್ತದೆ.

ರಿಪೇರಿ_ಕುಮಟಾ:
ಮತ್ತೆ ವಾದ್ಯದ ವಿಷಯಕ್ಕೆ ಬರ್ತೇನೆ, ಯಾಕೆ ಅಂದ್ರೆ ಈ ಜಾಝ್ ಹೌದಾ ಅಲ್ವಾ ಅನ್ನೂದಕ್ಕಿಂತ ಅವ್ರು ಮಾಡಿದ ದೊಡ್ಡ ಕೆಲಸ ಅಲ್ಲಿದೆ ಅಂತ ನನ್ನ ಅಭಿಪ್ರಾಯ.

ನಾಗಸ್ವರಕ್ಕೆ ಬೆರಳಿಡುವ ತೂತು ಏಳು, ಮುಚ್ಚಳ ಗಿಚ್ಚಳ ಇಲ್ಲ. ಬೆರಳನ್ನ ಅರ್ಧ ಸರಿಸಿದ್ರೆ, ಕಾಲು ಸರಿಸಿದ್ರೆ ಸ್ವರ ಜಾರ್ತದೆ, ಜೊತೆಗೆ ತುಟಿ ಒತ್ತಡ. ಗಮಕ ಹುಟ್ಟೂದೇ ಆ ಜಾರಿನಲ್ಲಿ. ಸ್ಯಾಕ್ಸ್‌ನಲ್ಲಿ ಬೆರಳು ತೂತು ಮುಟ್ಟೂದೇ ಇಲ್ಲ. ಕೀಲಿ ಒತ್ತಿದ್ರೆ ಚರ್ಮದ ಪ್ಯಾಡ್ ಬಂದು ಟಪ್ ಅಂತ ಮುಚ್ತದೆ. ಒಂದೋ ಮುಚ್ಚಿದೆ, ಇಲ್ಲ ತೆರೆದಿದೆ. ಮೆಟ್ಟಿಲ ಹಾಗೆ. ಈಗ ತೋಡಿ ರಾಗ ತಗೊಳ್ಳಿ, ಅದರ ಗಾಂಧಾರ ಒಂದು ಕಡೆ ನಿಲ್ಲೂದೇ ಇಲ್ಲ, ತೂಗ್ತಾ ಇರ್ತದೆ. ಮೆಟ್ಟಿಲ ಮೇಲೆ ಉಯ್ಯಾಲೆ ಕಟ್ಟಿದ ಹಾಗೆ ಆಯ್ತಲ್ಲ ಕೆಲಸ. ಅವ್ರು ಕೀಲಿಗಳನ್ನ ತನಗೆ ಬೇಕಾದ ಹಾಗೆ ಮಾರ್ಪಾಡು ಮಾಡಿಕೊಂಡ್ರು, ಉಳಿದದ್ದನ್ನ ತುಟಿ, ದವಡೆ, ಉಸಿರಿನಲ್ಲಿ ಸಾಧಿಸಿದ್ರು. 20 ವರ್ಷ ಹೋದದ್ದು ಇದಕ್ಕೇ. ಅಪ್ಪನ ನಾಗಸ್ವರ ಕಿವಿಯಲ್ಲಿ ಇಲ್ದಿದ್ರೆ ಎಂಥ ಸದ್ದು ಹುಡುಕ್ತಾ ಇದ್ದೇನೆ ಅಂತಲೇ ಗೊತ್ತಾಗ್ತಿರ್ಲಿಲ್ಲ.

ಕಾಳಿ_ಸಂಗಮ:
ಇದು ಒಳ್ಳೆ ಬರಹ. ಜಾಝ್‌ನವ್ರೂ ಸ್ವರ ಬಗ್ಗಿಸ್ತಾರೆ, ಬ್ಲೂ ನೋಟ್ ಅಂತ, ತುಟಿಯಲ್ಲೇ. ಆದ್ರೆ ಇಷ್ಟು ಲೆಕ್ಕವಾಗಿ, ರಾಗದ ನಿಯಮಕ್ಕೆ ತಕ್ಕ ಹಾಗೆ ಬಗ್ಗಿಸೂದು ಬೇರೆಯೇ.

ಬೆಂಗಳೂರು_ಸೇರಿದ_ಕಾರವಾರಿ:
ತಡವಾಗಿ ಬಂದೆ. ಚಾರ್ಲಿ ಮರಿಯಾನೊ ಹೆಸರು ಯಾರೂ ತೆಗೀಲಿಲ್ವಲ್ಲ! ಅಮೆರಿಕದ ಆಲ್ಟೊ ಸ್ಯಾಕ್ಸ್‌ನವರು, ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತ್ರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಜೊತೆ ಸೇರಿ 1983ರಲ್ಲಿ ರೆಕಾರ್ಡ್ ಮಾಡಿದ್ರು. ಒಬ್ರು ನಾಗಸ್ವರದಿಂದ ಸ್ಯಾಕ್ಸ್‌ಗೆ ಬಂದ್ರೆ ಇನ್ನೊಬ್ರು ಸ್ಯಾಕ್ಸ್‌ನಿಂದ ನಾಗಸ್ವರಕ್ಕೆ. ಮೌರಿ_ಮನೆಯವ್ರೆ, ಜಾಝ್ ಜಗತ್ತಿನ ದೊಡ್ಡ ಊದುಗಾರ ಓಲಗದ ಪೀಪಿ ಬಾಯಿಗಿಟ್ಟು ಮೊದಲಿಂದ ಕಲಿತದ್ದು ನಿಮ್ಮ ದೊಡ್ಡಪ್ಪನಂಥವ್ರ ವಿದ್ಯೆಯನ್ನ. ಅದಕ್ಕೆ ಬೆಲೆ ಇಲ್ಲ ಅಂತ ಮದುವೆ ಮನೆಯವ್ರು ತಿಳ್ಕೊಂಡ್ರೆ ಅದು ಅವ್ರ ತಪ್ಪು.

ಇನ್ನೊಂದು, ಇದನ್ನ ಮಗಳಿಗೆ ಖಂಡಿತ ಹೇಳಿ. ರುದ್ರೇಶ್ ಮಹಾಂತಪ್ಪ ಅಂತ ಇದ್ದಾರೆ, ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ, ಅಪ್ಪಟ ಜಾಝ್ ಸ್ಯಾಕ್ಸೋಫೋನ್. ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುವಾಗ ಅವರ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಂ ಕೊಟ್ರು, "ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್" ಅಂತ ಹೆಸರು, ಗೋಪಾಲನಾಥರದ್ದು. ತಮಾಷೆ ಅಂತ ಕೊಟ್ಟದ್ದು, ಇವ್ರು ಕೇಳಿ ದಂಗಾದ್ರು. ಮುಂದೆ ಗೋಪಾಲನಾಥರನ್ನ ಹುಡುಕ್ಕೊಂಡು ಬಂದ್ರು, ಇಬ್ರೂ ಸೇರಿ ಮಾಡಿದ "ಕಿನ್ಸ್‌ಮೆನ್" 2008ರಲ್ಲಿ ಬಂತು. ಎ. ಕನ್ಯಾಕುಮಾರಿಯವ್ರ ಪಿಟೀಲು, ಮೃದಂಗ ಒಂದು ಕಡೆ, ಗಿಟಾರ್, ಬಾಸ್, ಡ್ರಮ್ಸ್ ಇನ್ನೊಂದು ಕಡೆ, ನಡುವೆ ಎರಡು ಆಲ್ಟೊ. ಅದರಲ್ಲಿ ಗೋಪಾಲನಾಥರು ಒಂದು ಕಡೆಯೂ ಜಾಝಿನವ್ರ ಹಾಗೆ ಊದೂಕೆ ಹೋಗ್ಲಿಲ್ಲ. ತಾವು ಊದುವ ಹಾಗೇ ಊದಿದ್ರು. ಅಮೆರಿಕದ ಜಾಝಿನವ್ರಿಗೆ ಬೇಕಾದದ್ದೂ ಅದೇ. ಅವ್ರು ಇನ್ನೊಬ್ಬ ಜಾಝಿನವ ಆಗಿ ಹೋಗಿದ್ರೆ ಅಲ್ಲಿ ಅಂಥವ್ರು ಸಾವಿರ ಇದ್ರು.

ಕಾಳಿ_ಸಂಗಮ:
ಕಿನ್ಸ್‌ಮೆನ್ ರಾತ್ರಿ ಪೂರ್ತಿ ಕೇಳಿದೆ, ಎರಡು ಸಲ. ಗೋಪಾಲನಾಥರದ್ದು ಜಾಝ್ ಅಲ್ಲ ಅನ್ನೂದು ಈಗಲೂ ನನ್ನ ಮಾತು. ಆದ್ರೆ ಅವ್ರಿಲ್ದೆ ಜಾಝಿನ ಆ ಒಂದು ಕೋಣೆ ಇರ್ತಿರ್ಲಿಲ್ಲ ಅನ್ನೂದನ್ನ ಒಪ್ತೇನೆ. ಹುಡುಗಿಗೆ ಮೊದಲು ಬ್ಲೂಸ್ ಕೇಳ್ಸಿ, 12 ಬಾರ್, ಅಂದ್ರೆ 12 ತಾಳದಳತೆಯ ಸುತ್ತಿನದ್ದು. ಜಾಝ್ ಸ್ಯಾಕ್ಸಿನ ದೊಡ್ಡವ್ರು ಚಾರ್ಲಿ ಪಾರ್ಕರ್, ಅವ್ರನ್ನ ನಿಧಾನಕ್ಕೆ ಕೇಳ್ಸಿ, ಶುರುವಿಗೇ ಬೇಡ, ಹೆದರಿಬಿಡ್ತಾಳೆ.

ಯಲ್ಲಾಪುರ_ಘಟ್ಟ:
ಯಕ್ಷಗಾನಕ್ಕೆ ಸ್ಯಾಕ್ಸೋಫೋನ್ ತಂದ್ರೆ ಹೆಂಗೆ?

ಶಿರಸಿ_ಅರ್ಥಧಾರಿ:
ದಯವಿಟ್ಟು ಬೇಡ. ಚಂಡೆ ಮದ್ದಲೆ ನಡುವೆ ಭಾಗವತರ ದನಿ ಕೇಳೂದೇ ಕಷ್ಟ ಆಗಿದೆ ಈಗ.

ನೇತ್ರಾವತಿ_ಕಡೆಯವ:
ಅವ್ರು ತೀರಿಕೊಂಡದ್ದು 2019ರ ಅಕ್ಟೋಬರ್ 11, ಮಂಗಳೂರಲ್ಲಿ, 69 ವರ್ಷ. ಆ ದಿನ ನಮ್ಮ ಪಕ್ಕದ ಮನೆಯ ವಾದ್ಯದವರು ಬೆಳಿಗ್ಗೆ ಪೂಜೆಗೆ ಹೋಗುವ ಮೊದಲು ಅಂಗಳದಲ್ಲಿ ನಿಂತು ಸ್ಯಾಕ್ಸ್ ತೆಗೆದು ಶ್ರುತಿ ಮಾತ್ರ ಹಿಡಿದು ಇಟ್ಟುಬಿಟ್ರು, ಊದ್ಲಿಕ್ಕೆ ಆಗ್ಲಿಲ್ಲ ಅವರಿಗೆ. ಇಡೀ ಕರಾವಳಿಯಲ್ಲಿ ಆ ವಾದ್ಯ ಹಿಡಿದು ಸಂಸಾರ ನಡೆಸುವವ್ರು ಎಷ್ಟೋ ಜನ ಇದ್ದಾರೆ, ಅವ್ರಿಗೆಲ್ಲ ಜಾಝ್ ಹೌದಾ ಅಲ್ವಾ ಅನ್ನೂದು ಪ್ರಶ್ನೆಯೇ ಅಲ್ಲ.

ಬಂಡಿಹಬ್ಬ_ಅಂಕೋಲಾ:
ಎಲ್ರಿಗೂ ಕೈ ಮುಗೀತೇನೆ. ಭಾನುವಾರ ಆದದ್ದು ಹೇಳ್ತೇನೆ. ಮಗಳಿಗೆ ಕಿನ್ಸ್‌ಮೆನ್ ಹಾಕಿದೆ, ಅಪ್ಪನೂ ಬಂದು ಕೂತ್ರು. ಡ್ರಮ್ಸ್ ಶುರುವಾದಾಗ ಅಪ್ಪ ಮುಖ ಸಿಂಡರಿಸಿದ್ರು, ಆಲಾಪನೆ ಬಂದಾಗ ಕಣ್ಣು ಮುಚ್ಚಿದ್ರು. ಮುಗಿದ ಮೇಲೆ ಅವಳೇ ಕೇಳಿದ್ಲು, "ಅಜ್ಜ, ತೇರು ಎಳೆಯುವಾಗ ನೀವು ಊದೂದು ಹೇಗಿತ್ತು?" ಅಂತ. ಹಲ್ಲಿಲ್ಲ, ಊದೂಕೆ ಆಗೂದಿಲ್ಲ, ಬಾಯಲ್ಲೇ ಹೇಳಿ ತೋರಿಸಿದ್ರು. ಅವಳು ಸ್ಯಾಕ್ಸ್ ತಂದು ಒಂದೊಂದೇ ಸ್ವರ ಹುಡುಕಿದ್ಲು. "ಅದಲ್ಲ, ಇನ್ನೂ ಸ್ವಲ್ಪ ಕೆಳಗೆ, ಜಾರ್ಸು, ಜಾರ್ಸು" ಅಂತ ಅಪ್ಪ, ಮಧ್ಯಾಹ್ನ ಊಟದ ಹೊತ್ತು ಮೀರಿ ಮೂರು ಗಂಟೆ ಆಯ್ತು. ಒಂದು ಸಾಲು ಬಂದಿದೆ, ಪೂರ್ತಿ ಅಲ್ಲ. ನನಗೂ ಗೊತ್ತಿದ್ದ ಸಾಲು ಅದು, ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲಿಂದ ಕೇಳಿದ್ದು. ಮೌರಿ_ಮನೆ ಅಣ್ಣ, ನಿಮ್ಮ ದೊಡ್ಡಪ್ಪನ ವಾದ್ಯ ಒಮ್ಮೆ ನೋಡ್ಬೇಕಂತೆ ಅಪ್ಪನಿಗೆ, ಕುಮಟೆಗೆ ಬರ್ತೇವೆ.

ಈಗ ಒಂದು ತಾಪತ್ರಯ. ಮಳೆ ಶುರುವಾದ ಮೇಲೆ ಒಂದು ಕೀಲಿ ಅಂಟಿಕೊಳ್ತದೆ, ಒತ್ತಿದ್ರೂ ಏಳೂದಿಲ್ಲ. ರೀಡೂ ಉಬ್ಬಿದ ಹಾಗೆ ಆಗಿದೆ.

ಮೌರಿ_ಮನೆ:
ಬನ್ನಿ ಅಣ್ಣ. ಪೀಪಿ ಹಾಳಾಗಿದೆ, ಹೊಸದು ಮಾಡಿಸಿಟ್ಟಿರ್ತೇನೆ.

ರಿಪೇರಿ_ಕುಮಟಾ:
ಅಂಟೂದು ಜಿ ಶಾರ್ಪ್ ಕೀಲಿ ಇರ್ಬೇಕು, ನಮ್ಮ ಹವೆಗೆ ಮೊದಲು ಅದೇ ಅಂಟೂದು. ಪ್ಯಾಡಿಗೂ ತೂತಿಗೂ ನಡುವೆ ತೆಳು ಕಾಗದ ಇಟ್ಟು ಮೆಲ್ಲ ಒತ್ತಿ ಬಿಡಿ, ಹಸಿ ಹೀರ್ತದೆ. ಎಳೆದು ತೆಗೀಬೇಡಿ, ಚರ್ಮ ಕಿತ್ತು ಬರ್ತದೆ. ಪೌಡರ್ ಹಾಕಬೇಡಿ. ಊದಿ ಆದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ರೀಡ್ ಬಿಚ್ಚಿ ಬೇರೆ ಇಡಿ, ಒದ್ದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ರೆ ಆಷಾಢ ಮುಗಿಯೂದ್ರೊಳಗೆ ಕಿಲುಬು ಹಿಡೀತದೆ. ಅವಳು ಈಗ ಯಾವ ನಂಬರಿನ ರೀಡ್ ಹಾಕ್ತಾಳೆ?

ಬಂಡಿಹಬ್ಬ_ಅಂಕೋಲಾ:
ಎರಡು.

ರಿಪೇರಿ_ಕುಮಟಾ:
ಸದ್ಯಕ್ಕೆ ಅದೇ ಇರ್ಲಿ. ಅಜ್ಜ ಹೇಳಿದ ಜಾರು ಮೆತ್ತಗಿನ ರೀಡಿನಲ್ಲೇ ಬೇಗ ಬರ್ತದೆ. ಕುಮಟೆಗೆ ಬರುವಾಗ ಸ್ಯಾಕ್ಸನ್ನೂ ತನ್ನಿ, ಪ್ಯಾಡ್ ನೋಡಿಕೊಡ್ತೇನೆ.